ಮೈಕು ಎಲ್ಲಿಡಬೇಕು?

ದಸರಾ ರಜೆಗೆ ಮಗ ಬೆಂಗಳೂರಿನಿಂದ ಮಧುಗಿರಿಗೆ ಬಂದಾಗ ಬಟ್ಟೆಬ್ಯಾಗಿನ ಜೊತೆ ಒಂದು ಗಿಟಾರು, ಒಂದು ಕಪ್ಪು ಪೆಟ್ಟಿಗೆ, ಒಂದಷ್ಟು ವೈರು ತಂದ. ಮಾರನೇ ದಿನ ಶಿರಾದಿಂದ ಒಬ್ಬ, ಕೊರಟಗೆರೆಯಿಂದ ಒಬ್ಬ ಬಂದು ಸೇರಿಕೊಂಡರು. ಹಿಂದಿನ ಕೋಣೆಯಲ್ಲಿದ್ದ ಹುಣಸೆಹಣ್ಣಿನ ಮೂಟೆ, ಕಡ್ಲೆಕಾಯಿ ಚೀಲ ಎಲ್ಲ ನಡುಮನೆಗೆ ಬಂದು ಬಿದ್ದವು. "ಅಮ್ಮಾ, ನಾಲ್ಕು ದಿನ ಅದು ಸ್ಟುಡಿಯೋ" ಅಂದ. ನಾನು ಮೂಟೆ ದಾಟಿಕೊಂಡೇ ಅಡುಗೆ ಮಾಡಿದೆ.

ಕೊರಟಗೆರೆ ಹುಡುಗನ ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದವೊಂದಕ್ಕೆ ಗಿಟಾರು ಸೇರಿಸಿ ಹಾಡು ಮಾಡುವುದು ಇವರ ಆಸೆ. ಈಗ ಇದೇನೂ ಹೊಸತಲ್ಲ ಬಿಡಿ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿದ ಮೇಲೆ ನಮ್ಮ ಮಕ್ಕಳಿಗೆ ಇದೂ ನಮ್ಮದೇ ಅನ್ನಿಸಿಬಿಟ್ಟಿದೆ. ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ಇಲ್ಲವೇ ಇಲ್ಲ ಅನ್ನಬೇಕು. ತಂತಿ ಮೀಟಿದರೆ ಅದು ಆ ಕಪ್ಪು ಪೆಟ್ಟಿಗೆಗೆ, ಅಂದರೆ ಆಂಪ್ಲಿಫೈಯರಿಗೆ ಹೋಗಿ, ಅದರ ಸ್ಪೀಕರಿನಿಂದ ಹೊರಗೆ ಬರಬೇಕು. ಆ ಸ್ಪೀಕರಿನ ಮುಂದೆ ಮೈಕು ಇಟ್ಟು ರೆಕಾರ್ಡ್ ಮಾಡಬೇಕು.

ಎರಡು ದಿನ ಆ ಕೋಣೆಯಿಂದ ಒಂದೇ ರಾಗ. ಮೂರನೇ ದಿನ ಮಗ ಸಪ್ಪೆ ಮುಖ ಮಾಡಿಕೊಂಡು ಅಡುಗೆಮನೆಗೆ ಬಂದ. ರೆಕಾರ್ಡ್ ಆಗಿದ್ದನ್ನು ಕೇಳಿಸಿದ. ಡಬ್ಬದೊಳಗೆ ಜೇನುನೊಣ ಕೂಡಿಹಾಕಿದ ಹಾಗಿತ್ತು.

"ಈ ಮೈಕು ಸರಿಯಿಲ್ಲಮ್ಮ. ಕಂಡೆನ್ಸರ್ ಮೈಕು ಬೇಕು. 18,000 ರೂಪಾಯಿ ಆಗುತ್ತೆ."

ನನ್ನ ಚೀಟಿ ಎತ್ತಿದ ದುಡ್ಡು ಬೀರುವಿನಲ್ಲಿರುವುದು ಅವನಿಗೆ ಗೊತ್ತಿತ್ತು. ನಾನು ಉತ್ತರ ಹುಡುಕುತ್ತಿರುವಾಗಲೇ ಜಗಲಿಯಲ್ಲಿದ್ದ ನಮ್ಮ ಮಾವ ಎದ್ದು ಬಂದರು.

"ಯಾವ ಮೈಕು ಅನ್ನೋದು ಆಮೇಕೆ ಕಣ್ಲಾ. ಎಲ್ಲಿಕ್ಕಿದೀಯ, ಅದ್ನ ತೋರ್ಸು ಮೊದ್ಲು."

ನಮ್ಮ ಮಾವನವರದು ಮೈಕ್ ಸೆಟ್ ಅಂಗಡಿ. ಈಗಿಲ್ಲ, ದೊಡ್ಡ ದೊಡ್ಡ ಬಾಕ್ಸ್ ಬಂದ ಮೇಲೆ ಮುಚ್ಚಿದರು. ಆದರೆ ಸುಮಾರು ನಲವತ್ತು ವರ್ಷ ಮಧುಗಿರಿ ದಂಡಿನ ಮಾರಮ್ಮನ ಜಾತ್ರೆ, ಗೊರವನಹಳ್ಳಿ ಲಕ್ಷ್ಮಿ ಪೂಜೆ, ಪಾವಗಡದ ಶನಿಮಹಾತ್ಮನ ಕಡೆ ಮದುವೆ, ಶಿರಾ ಸೀಮೆಯ ಹಳ್ಳಿಗಳ ಕುರುಕ್ಷೇತ್ರ ನಾಟಕ, ಎಲ್ಲ ಕಡೆಗೂ ಹಾರನ್ ಹೊತ್ತು ತಿರುಗಿದವರು. ನಮ್ಮ ಜಿಲ್ಲೆಯಲ್ಲಿ ನಾಟಕದ ಹುಚ್ಚು ಗೊತ್ತಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಆ ಕಾಲದವರು ಮೈಕಿಲ್ಲದೆ ಕೊನೇ ಸಾಲಿಗೂ ಕೇಳಿಸುವಂತೆ ಹಾಡುತ್ತಿದ್ದರಂತೆ. ಮಾವನ ಕಾಲದ ಭೀಮ, ದುರ್ಯೋಧನರು ಮಾತ್ರ ಮೇಲಿಂದ ಇಳಿಬಿಟ್ಟ ಮೈಕಿನ ಕೆಳಗೇ ಬಂದು ನಿಂತು ಕಂದ ಹಾಡುವವರು.

ಮಾವ ಕೋಣೆಯೊಳಗೆ ಹೋಗಿ ಸುಮ್ಮನೆ ನಿಂತು ನೋಡಿದರು. ಫ್ಯಾನು ತಿರುಗುತ್ತಿತ್ತು. ಆಂಪ್ಲಿಫೈಯರ್ ಗೋಡೆಮೂಲೆಯಲ್ಲಿ ನೆಲದ ಮೇಲಿತ್ತು. ಮೈಕು ನಾಲ್ಕಡಿ ದೂರದ ಮೇಜಿನ ಮೇಲೆ. "ಇದು ಗಿಟಾರ್ ಕೇಳ್ತಾ ಇಲ್ಲ, ಮನೆ ಕೇಳ್ತಾ ಅದೆ" ಅಂದರು.

ಮೊದಲು ಫ್ಯಾನ್ ಆರಿಸಿದರು. ಆಂಪ್ಲಿಫೈಯರನ್ನು ಮೂಲೆಯಿಂದ ಈಚೆಗೆ ಎಳೆಸಿ ಸ್ಟೂಲಿನ ಮೇಲೆ ಇಡಿಸಿದರು. ನೆಲ, ಮೂಲೆ ಎರಡೂ ಗುಂಯ್ ಅನ್ನುವ ದಪ್ಪ ದನಿಯನ್ನು ಹೆಚ್ಚಿಸುತ್ತವಂತೆ. ಲ್ಯಾಪ್‌ಟಾಪು ಒಂದು ಗೋಡೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರು ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ ಇದ್ದವು. ಎರಡನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿಸಿದ ಕೂಡಲೇ ಹಿಂದೆ ಕೇಳಿಸುತ್ತಿದ್ದ ಝುಂಯ್ ಅರ್ಧಕ್ಕರ್ಧ ಇಳಿಯಿತು. ಬೀರುವಿನ ಮೇಲಿದ್ದ ಎರಡು ಕುರಿಕಂಬಳಿ ತರಿಸಿ ಹಿಂದಿನ ಗೋಡೆಗೆ ಇಳಿಬಿಟ್ಟರು. ಶಿರಾ ಹುಡುಗ ಮೆಲ್ಲಗೆ, "ಸ್ಟುಡಿಯೋದಲ್ಲಿ ಇದಕ್ಕೆ ಫೋಮ್ ಹಾಕ್ತಾರೆ" ಅಂದ. ಕಂಬಳಿಯೂ ಅದೇ ಕೆಲಸ ಮಾಡುತ್ತದೆ. ಸಣ್ಣ ದನಿಯ ಪ್ರತಿಧ್ವನಿ ಹೀರಿಕೊಳ್ಳುತ್ತದೆ, ದಪ್ಪ ದನಿಯನ್ನು ಮಾತ್ರ ತಡೆಯಲಾರದು.

ಆಮೇಲೆ ಮೈಕು ಕೈಗೆತ್ತಿಕೊಂಡರು. ಅದು ಯಾರದೋ ಸಾಲ ತಂದ ಶೂರ್ ಎಸ್‌ಎಂ57. 1965ರಿಂದ ಬರುತ್ತಿರುವ ಮಾದರಿ. ಅಮೆರಿಕದ ಅಧ್ಯಕ್ಷರು ಭಾಷಣ ಮಾಡುವ ಮೇಜಿನ ಮೇಲೂ ಇದೇ ಇರುತ್ತದೆ, ಗಿಟಾರಿನ ಆಂಪ್ಲಿಫೈಯರಿನ ಮುಂದೆಯೂ ಇದೇ. ಇಂಥದ್ದಕ್ಕೆ ಡೈನಮಿಕ್ ಮೈಕು ಅನ್ನುತ್ತಾರೆ. ಒಳಗೆ ಒಂದು ತೆಳು ಪೊರೆ, ಅದಕ್ಕೆ ಅಂಟಿದ ತಂತಿಸುರುಳಿ, ಸುತ್ತ ಅಯಸ್ಕಾಂತ. ಎಷ್ಟೇ ಜೋರು ಸದ್ದಿಗೂ ಜಗ್ಗುವುದಿಲ್ಲ. ಮಗ ಕೇಳುತ್ತಿದ್ದ ಕಂಡೆನ್ಸರ್ ಮೈಕು ಇದಕ್ಕಿಂತ ಸೂಕ್ಷ್ಮ. 48 ವೋಲ್ಟ್ ಕರೆಂಟು ಕೊಟ್ಟರೆ ಕೆಲಸ ಮಾಡುತ್ತದೆ, ಸಣ್ಣ ಸಣ್ಣ ಸದ್ದನ್ನೂ ಹಿಡಿಯುತ್ತದೆ. ನಮ್ಮ ಕೋಣೆಯಲ್ಲಿಟ್ಟರೆ ಪಕ್ಕದ ಮನೆಯ ಕೋಳಿಯನ್ನೂ ಹಿಡಿಯುತ್ತಿತ್ತು.

"ಟಾರ್ಚ್ ಹಿಡೀಲಾ" ಅಂದರು ಮಾವ. ಆಂಪ್ಲಿಫೈಯರಿನ ಮುಂದಿನ ಬಟ್ಟೆಯ ಮೇಲೆ ಬೆಳಕು ಬಿಟ್ಟರೆ ಒಳಗಿನ ಸ್ಪೀಕರಿನ ಕೋನು ಕಾಣುತ್ತದೆ. ನಡುವೆ ಟೋಪಿಯಂಥ ಗುಂಡು, ಸುತ್ತ ಅಂಚಿನ ತನಕ ಕಾಗದದ ತಟ್ಟೆ. "ನಡುಮಧ್ಯಕ್ಕೆ ಇಟ್ರೆ ಚೂಪು. ಅಂಚಿಗೆ ಹೋದಷ್ಟೂ ಮೆತ್ತಗೆ. ನಾದಸ್ವರದ ಬಾಯಿಗೆ ನೇರ ಇಟ್ರೆ ಕಿವಿ ಕೊಯ್ತದೆ, ಒಂಚೂರು ಓರೆ ಹಿಡೀಬೇಕು. ಇದೂ ಅಂಗೇಯ." ಬಟ್ಟೆಯಿಂದ ಎರಡು ಬೆರಳು ದೂರದಲ್ಲಿ ಮೈಕು ನಿಂತಿತು. ಇಷ್ಟು ಹತ್ತಿರ ಇಟ್ಟರೆ ದಪ್ಪ ದನಿ ಹೆಚ್ಚುತ್ತದೆ, ಒಂದು ಗೇಣು ಹಿಂದಕ್ಕೆ ಸರಿಸಿದರೆ ಇಳಿಯುತ್ತದೆ.

ಮಗ ಎರಡನೇ ಮೈಕೂ ಇಡೋಣ, ಒಂದು ಹತ್ತಿರ ಒಂದು ದೂರ ಅಂದ. ಮಾವ ಒಪ್ಪಲಿಲ್ಲ. ಸದ್ದು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಒಂದೇ ದನಿ ಎರಡು ಮೈಕಿಗೆ ಹಿಂದುಮುಂದಾಗಿ ತಲುಪಿದರೆ ಕೂಡಿಸಿದಾಗ ಒಂದನ್ನೊಂದು ಅಲ್ಲಲ್ಲಿ ಅಳಿಸಿಹಾಕುತ್ತವೆ, ದನಿ ಟೊಳ್ಳಾಗುತ್ತದೆ. ಮಾವನಿಗೆ ಈ ಲೆಕ್ಕ ಗೊತ್ತಿಲ್ಲ. "ನಾಟಕದಾಗೆ ಎಲ್ಡು ಮೈಕಿನ ನಡುವೆ ಕೃಷ್ಣ ನಿಂತ್ರೆ ಕೊಳಪಾಯಿಯೊಳಗೆ ಹಾಡ್ದಂಗೆ ಕೇಳ್ತಿತ್ತು" ಅಂದರು. ಲೆಕ್ಕ ಮಗ ಹೇಳಿದ. ಇಬ್ಬರದೂ ಒಂದೇ ಮಾತು ಅಂತ ಗೊತ್ತಾಗಿ ಇಬ್ಬರೂ ನಕ್ಕರು.

"ಈಗ ಒಬ್ರು ಸರಿಸ್ಬೇಕು, ಒಬ್ರು ಕೇಳ್ಬೇಕು" ಅಂದರು. ಹೆಡ್‌ಫೋನು ತಾತನ ಕಿವಿಗೆ ಹಾಕಿದರು. ಕೊರಟಗೆರೆ ಹುಡುಗ ಗಿಟಾರು ನುಡಿಸಿದ. ಮಗ ಮೈಕನ್ನು ನಡುವಿಗಿಟ್ಟ. ಆಮೇಲೆ ನಿಧಾನಕ್ಕೆ ಅಂಚಿಗೆ ಸರಿಸಿದ.

"ಯಾವುದು ಚೆನ್ನಾಗಿದೆ ತಾತ?"

"ಎಲ್ಡೂ ಒಂದೇ ಅದೆ ಕಣ್ಲಾ."

ತಾತ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಇನ್ನೊಂದು ಸಲ ಸರಿಸಿದ. "ಸರಿಸು ಅಂದ್ರೆ ಸರಿಸ್ತಾನೇ ಇಲ್ವಲ್ಲ ನೀನು" ಅಂತ ಮಾವ ಗದರಿಕೊಂಡರು. ಹೆಡ್‌ಫೋನು ನಾನು ಹಾಕಿಕೊಂಡೆ. ಸಂಗೀತದ ಗಂಧ ಇಲ್ಲದ ನನಗೂ ಗೊತ್ತಾಯಿತು. ನಡುವಿಗಿಟ್ಟಾಗ ದೋಸೆ ಹೆಂಚು ಕೆರೆದ ಹಾಗೆ, ಅಂಚಿಗೆ ಹೋದಾಗ ಕಂಬಳಿ ಹೊದ್ದು ಮಾತಾಡಿದ ಹಾಗೆ. ಅಷ್ಟು ವ್ಯತ್ಯಾಸ.

ಯಾರೂ ಮಾತಾಡಲಿಲ್ಲ. ಮಾವ ಹೆಡ್‌ಫೋನಿನ ವೈರು ಸುತ್ತುತ್ತಾ ಕೂತರು.

ಒಂದೊಂದೇ ನೆನಪಾಯಿತು ನನಗೆ. ಟಿವಿ ಜೋರು ಮಾಡಿ ಜಗಳ ಆಡಿದ್ದು. "ನೀವೆಲ್ಲ ಬಾಯೊಳಗೇ ಗೊಣಗ್ತೀರ" ಅನ್ನುತ್ತಿದ್ದದ್ದು. "ಸಾರು ಹಾಕ್ಲಾ ಮಾವ" ಅಂದರೆ "ಯಾವ ಕಾರು?" ಅಂದಿದ್ದಕ್ಕೆ ನಾವೆಲ್ಲ ನಕ್ಕಿದ್ದು. ವಯಸ್ಸಾಯಿತು, ಗಮನ ಇರಲ್ಲ ಅಂದುಕೊಂಡಿದ್ದೆವು. ಗಂಡಸರ ದಪ್ಪ ದನಿ ಕೇಳುತ್ತಿತ್ತಲ್ಲ, ಹಾಗಾಗಿ ಕಿವಿಯದೇ ತೊಂದರೆ ಅಂತ ಯಾರಿಗೂ ಹೊಳೆದಿರಲಿಲ್ಲ.

ಹಬ್ಬ ಮುಗಿದ ಮೇಲೆ ತುಮಕೂರಿಗೆ ಕರೆದುಕೊಂಡು ಹೋದೆವು. ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿ ಪರೀಕ್ಷೆ ಮಾಡಿದರು. ಕಾಗದದ ಮೇಲಿನ ಗೆರೆ 1,000 ಹರ್ಟ್ಸ್ ತನಕ ಸಮನಾಗಿ ಬಂದು, ಆಮೇಲೆ ನಮ್ಮ ಬೆಟ್ಟದ ಬಂಡೆ ಹಾಗೆ ಕೆಳಗಿಳಿದಿತ್ತು. ಜೋರು ಸದ್ದಿನಿಂದ ಕಿವಿ ಹೋಗುವಾಗ ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಆಸುಪಾಸಿಗೆ ಎಂದು ಡಾಕ್ಟರು ವಿವರಿಸಿದರು. ಸ, ಶ, ತ, ಕ ಅಕ್ಷರಗಳ ಸ್ಪಷ್ಟತೆ, ಹೆಂಗಸರ ಮಕ್ಕಳ ಮಾತಿನ ಚೂಪು ಇರುವುದು ಮೇಲಿನ ಆ ಭಾಗದಲ್ಲಿ. ಗಿಟಾರಿನ ಕಚ್ಚುವ ದನಿ ಇರುವುದೂ ಅಲ್ಲೇ. ಕಿವಿಯೊಳಗಿನ ಆ ಸೂಕ್ಷ್ಮ ಕೂದಲಿನ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

"ಜೋರು ಸದ್ದಿನ ಹತ್ತಿರ ಕೆಲಸ ಮಾಡ್ತಿದ್ರಾ?" ಅಂತ ಕೇಳಿದರು. ಮಾವ ಹೇಳಿದರು: ಜಾತ್ರೆ ರಾತ್ರಿಗಳಲ್ಲಿ ಯಾರಾದರೂ ಕದ್ದೊಯ್ದಾರು ಅಂತ ಹಾರನ್ ಕೆಳಗೇ ಮಲಗುತ್ತಿದ್ದೆ.

ಈ ಮಾತು ನಿಮಗೂ ಹೇಳಬೇಕು ಅಂತಲೇ ಇಷ್ಟೆಲ್ಲ ಬರೆದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನುವುದು ತಜ್ಞರ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಹೆಚ್ಚಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ಗಣೇಶನ ಮೆರವಣಿಗೆಯಲ್ಲಿ ಬಾಕ್ಸಿನ ಮುಂದೆಯೇ ಕುಣಿಯುವ ಮಕ್ಕಳಿದ್ದರೆ ನಾಲ್ಕು ಹೆಜ್ಜೆ ಹಿಂದಕ್ಕೆ ಕರೆಯಿರಿ. ಮನೆಯಲ್ಲಿ ಹಿರಿಯರು "ಗೊಣಗ್ತೀರ" ಅಂದರೆ ನಗಬೇಡಿ, ಒಂದು ಸಲ ಪರೀಕ್ಷೆ ಮಾಡಿಸಿ. ನನ್ನ ಮಗನೂ ಈಗ ಮೈಕು ಸರಿಸುವಾಗ ಆಂಪ್ಲಿಫೈಯರಿನ ಮುಂದೆ ತಲೆ ಒಡ್ಡುವುದಿಲ್ಲ, ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳುತ್ತಾನೆ.

ಹಾಡು ಆ ರಜೆಯಲ್ಲೇ ಮುಗಿಯಿತು. ತಾತ ಕೈಯಿಂದ ಹೇಳಿದರು, ಮಗ ಕಿವಿಯಿಂದ ಕೇಳಿದ. ಗುಂಡಿನ ಅಂಚಿಗೂ ತಟ್ಟೆಯ ಅಂಚಿಗೂ ನಡುವೆ, ಒಂಚೂರು ಓರೆಯಾಗಿ ಮೈಕು ನಿಂತಿತು. ಹೊಸ ಮೈಕು ಕೊಳ್ಳಲಿಲ್ಲ. ಚೀಟಿ ದುಡ್ಡಿಗೆ ಇನ್ನಷ್ಟು ಸೇರಿಸಿ ಮಾವನಿಗೆ ಕಿವಿಯ ಮೆಷಿನ್ ತಂದೆವು.

ಹಾಕಿದ ಮೊದಲ ದಿನ ಮಾವ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. "ಇದ್ರ ಮೈಕು ಎಲ್ಲೈತಮ್ಮ?" ಅಂದರು. ತೋರಿಸಿದೆ. ಕಿವಿಯ ಹಿಂದೆ ಕೂರುವ ಭಾಗದ ಮೇಲ್ಗಡೆ ಎರಡು ಚಿಕ್ಕ ತೂತು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಎದುರಿಗಿದ್ದವರ ಮಾತನ್ನು ಹೆಚ್ಚು ಹಿಡಿಯಲಿ ಅಂತ ಎರಡು.

ಮಾರನೇ ಬೆಳಿಗ್ಗೆ ತಲೆಗೆ ಟವೆಲ್ ಸುತ್ತಿಕೊಂಡು ಪೇಟೆಗೆ ಹೊರಟರು. ಗೇಟಿನ ತನಕ ಹೋದವರು ನಿಂತರು. ಬಟ್ಟೆ ಮೈಕಿಗೆ ತಾಗಿ ಕರಕರ ಅನ್ನುತ್ತಿತ್ತೇನೋ. ಟವೆಲ್ ಬಿಚ್ಚಿ, ಕಿವಿಯ ಮೇಲಕ್ಕೆ ಎತ್ತಿ ಮತ್ತೆ ಕಟ್ಟಿಕೊಂಡು ನಡೆದರು.