ವೇಷ ಹೊಲಿಯುವ ಓದಿಗೆ ಯಾವ ರ‍್ಯಾಂಕಿಂಗ್?

ನಮ್ಮ ಬೈರಕೂರು ಕಡೆ ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡುವುದೆಂದು ತೀರ್ಮಾನವಾದರೆ ಮೊದಲ ಜಗಳ ದುರ್ಯೋಧನನ ಪಾತ್ರ ಯಾರಿಗೆ ಎಂಬುದಕ್ಕೆ. ಎರಡನೆಯ ಜಗಳ ಡ್ರೆಸ್ ಎಲ್ಲಿಂದ ತರಿಸುವುದು ಎಂಬುದಕ್ಕೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸಿರಲಿ, ಕಿರೀಟ ವಾಲಿದರೆ, ಭುಜಕೀರ್ತಿಯ ದಾರ ಕಿತ್ತರೆ ಜನ ನಗುವುದೇ. ಟ್ರಂಕು ತುಂಬ ಮಖಮಲ್ಲು, ಜರಿ, ಗದೆ, ಮೀಸೆ ಹೊತ್ತು ಬರುವ ಡ್ರೆಸ್ಸಿನವರು ಒಂದು ರಾತ್ರಿಯ ಬಾಡಿಗೆ ಪಡೆದು, ಬೆಳಗಾಗುತ್ತಲೇ ಎಲ್ಲವನ್ನೂ ಎಣಿಸಿಕೊಂಡು ಹೊರಟುಬಿಡುತ್ತಾರೆ. ಆಂಧ್ರದ ಗಡಿಗೆ ಅಂಟಿಕೊಂಡ ಹೋಬಳಿ ನಮ್ಮದು. ನಾಟಕ ಕನ್ನಡದ್ದಾದರೂ ತೆಲುಗಿನದ್ದಾದರೂ ಬರುವ ಟ್ರಂಕು ಮಾತ್ರ ಅದೇ.

ಈ ಕಸುಬನ್ನೇ ಪದವಿಯಾಗಿ ಓದಬಹುದು, ಅದೂ ಯುರೋಪಿಗೆ ಹೋಗದೆ ಏಷ್ಯಾದಲ್ಲೇ ಓದಬಹುದು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 1984ರಲ್ಲಿ ಸ್ಥಾಪನೆಯಾದ ಹಾಂಗ್‌ಕಾಂಗ್ ಅಕಾಡೆಮಿ ಫಾರ್ ಪರ್ಫಾರ್ಮಿಂಗ್ ಆರ್ಟ್ಸ್‌ನಲ್ಲಿ ಕಾಸ್ಟ್ಯೂಮ್ ಟೆಕ್ನಾಲಜಿ ಒಂದು ಪ್ರತ್ಯೇಕ ವಿಷಯ. ಬೆಂಗಳೂರಿನ ಒಂದು ಶಿಕ್ಷಣ ಮೇಳದಲ್ಲಿ ನಾನು ಇದರ ಬಗ್ಗೆ ಕೇಳಿದಾಗ ಕೌನ್ಸೆಲಿಂಗ್ ಮೇಜಿನಲ್ಲಿದ್ದವರು, 'ಟೈಲರಿಂಗಾ? ಅದಕ್ಕೆ ಫಾರಿನ್ ಯಾಕೆ?' ಎಂದು ಎಂಬಿಎ ಕರಪತ್ರ ಕೈಗಿಟ್ಟರು.

ಅವರ ಪ್ರಶ್ನೆಗೆ ಉತ್ತರ ಇಂಥ ವಿದ್ಯಾರ್ಥಿಯ ದಿನಚರಿಯಲ್ಲಿದೆ. ಕಾಗದದ ಮೇಲೆ ಅಳತೆ ಬರೆದು ಕತ್ತರಿಸುವುದು, ಅಗ್ಗದ ಹತ್ತಿ ಬಟ್ಟೆಯಲ್ಲಿ ಮಾದರಿ ಹೊಲಿಯುವುದು, ನಟನ ಮೈಮೇಲೆ ತೊಡಿಸಿ ನೋಡುವುದು, ಬಿಚ್ಚಿ ಮತ್ತೆ ಹೊಲಿಯುವುದು. ಹೊಸ ಬಟ್ಟೆಯನ್ನು ಉಜ್ಜಿ, ಬಣ್ಣ ಬಳಿದು, ಹತ್ತು ವರ್ಷ ಹೊಲದಲ್ಲಿ ದುಡಿದವನದ್ದು ಎನ್ನುವಷ್ಟು ಹಳೆಯದಾಗಿಸುವುದೂ ಒಂದು ಪಾಠ. ಪ್ರದರ್ಶನದ ಸಂಜೆ ಸೈಡ್‌ವಿಂಗಿನ ಕತ್ತಲಲ್ಲಿ ಕಾದು ನಿಂತು, ಓಡಿಬರುವ ನಟನ ಉಡುಪನ್ನು ಅರ್ಧ ನಿಮಿಷದಲ್ಲಿ ಬದಲಿಸಿ ಕಳಿಸಬೇಕು. ಪರದೆ ಬಿದ್ದ ಮೇಲೆ ಬೆವರಿನ ಬಟ್ಟೆ ಒಗೆತಕ್ಕೆ ಹಾಕಿ, ಕಿತ್ತ ಗುಂಡಿ ಹೊಲಿದು, ಇಸ್ತ್ರಿ ಮಾಡಿ, ಪಟ್ಟಿಯಲ್ಲಿ ಗುರುತು ಹಾಕಿಯೇ ಹಾಸ್ಟೆಲಿಗೆ. ಅಪ್ಪಟ ಕೂಲಿ ಕೆಲಸದಂತೆ ಕಾಣುತ್ತದೆ, ಸ್ವಲ್ಪಮಟ್ಟಿಗೆ ಹೌದು ಕೂಡ.

ಆದರೆ ಏಷ್ಯಾದ ರಂಗಭೂಮಿಗಳಲ್ಲಿ ವೇಷವೇ ಅರ್ಧ ನಾಟಕ. ಜಪಾನಿನ ಕಬುಕಿಯಲ್ಲಿ 'ಹಿಕಿನುಕಿ' ಎಂಬ ತಂತ್ರವಿದೆ. ಒಂದರ ಮೇಲೊಂದು ತೊಟ್ಟ ಉಡುಪುಗಳನ್ನು ಸಡಿಲ ದಾರದಿಂದ ಹೊಲಿದಿರುತ್ತಾರೆ, ವೇದಿಕೆಯ ಮೇಲೆಯೇ ಸಹಾಯಕ ಆ ದಾರ ಎಳೆದಾಗ ಮೇಲಿನದು ಕಳಚಿ ಒಳಗಿನ ಬಣ್ಣ ಬಯಲಾಗುತ್ತದೆ. ಬೀಜಿಂಗ್ ಆಪೆರಾದಲ್ಲಿ ಯಾವ ಉಡುಪು ಯಾವ ಪೆಟ್ಟಿಗೆಯಲ್ಲಿ ಇರಬೇಕು ಎಂಬುದಕ್ಕೇ ಕಟ್ಟುನಿಟ್ಟಿನ ಕ್ರಮವಿದೆ. ನಮ್ಮ ಡ್ರೆಸ್ಸಿನವರ ಟ್ರಂಕಿನ ದೂರದ ನೆಂಟ ಅದು ಎಂದು ನನಗನ್ನಿಸುತ್ತದೆ.

ಇಲ್ಲಿ ಏನಿದೆ? ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣ, ಸಾಣೇಹಳ್ಳಿ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಎಲ್ಲವೂ ಒಳ್ಳೆಯವೇ. ಆದರೆ ಅವುಗಳ ಕೋರ್ಸುಗಳಲ್ಲಿ ನಟನೆಯೇ ಮುಖ್ಯ, ವಸ್ತ್ರವಿನ್ಯಾಸ ಒಂದು ಪಾಠವಷ್ಟೆ. ದೆಹಲಿಯ ನಾಟಕ ಶಾಲೆಯಲ್ಲಿ ವಿನ್ಯಾಸ, ನಿರ್ದೇಶನ ಎರಡೂ ಸೇರಿದ ವಿಶೇಷ ಅಧ್ಯಯನವಿದೆ, ಸೀಟು ಬಹಳ ಕಡಿಮೆ. ಆ ಶಾಲೆಯಲ್ಲಿ ಕಲಿತ ಪ್ರೇಮಾ ಕಾರಂತರು ಕನ್ನಡ ರಂಗಭೂಮಿಯ ವಸ್ತ್ರವಿನ್ಯಾಸಕ್ಕೆ ಒಂದು ಗಾಂಭೀರ್ಯ ತಂದರು. 'ಫಣಿಯಮ್ಮ' ಸಿನಿಮಾದ ನಿರ್ದೇಶಕಿ ಎಂದು ಅವರನ್ನು ನೆನೆಯುವವರು ಈ ಕೆಲಸವನ್ನು ನೆನೆಯುವುದು ಕಡಿಮೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇನ್ನೊಂದು ಹೆಸರು ಗೊತ್ತಿರುತ್ತದೆ. ಭಾರತಕ್ಕೆ ಮೊದಲ ಆಸ್ಕರ್ ತಂದವರು ನಟರಲ್ಲ, ನಿರ್ದೇಶಕರೂ ಅಲ್ಲ. 'ಗಾಂಧಿ' ಚಿತ್ರಕ್ಕೆ 1983ರಲ್ಲಿ ಪ್ರಶಸ್ತಿ ಪಡೆದ ವಸ್ತ್ರವಿನ್ಯಾಸಕಿ, ಕೊಲ್ಹಾಪುರದ ಭಾನು ಅಥೈಯಾ.

ಹಾಗಾದರೆ ಹೊರಗೆ ಹೋಗಿ ಕಲಿಯಲು ದುಡ್ಡು ಎಲ್ಲಿಂದ? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕೂಲಿಗಳು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಾಗಿ ಇದೆ. ವರ್ಷಕ್ಕೆ 125 ಮಂದಿಗೆ, ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ.ಗೆ ಮಾತ್ರ. ಕುಟುಂಬದ ಆದಾಯ 8 ಲಕ್ಷ ರೂಪಾಯಿ ಮೀರಬಾರದು. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಸೇರುವ ಸಂಸ್ಥೆ ಕ್ಯೂಎಸ್ ರ‍್ಯಾಂಕಿಂಗಿನ ಮೊದಲ 500ರೊಳಗೆ ಇರಬೇಕು. ಹಾಂಗ್‌ಕಾಂಗ್‌ನ ಈ ಅಕಾಡೆಮಿ ಪ್ರದರ್ಶನ ಕಲೆಗಳ ವಿಷಯವಾರು ಪಟ್ಟಿಯಲ್ಲಿ ಏಷ್ಯಾದ ಮುಂಚೂಣಿಯಲ್ಲಿರುವ ಹೆಸರು. ವಿಶ್ವವಿದ್ಯಾಲಯಗಳ ಒಟ್ಟಾರೆ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ, ಏಕೆಂದರೆ ಅಲ್ಲಿ ಎಂಜಿನಿಯರಿಂಗೂ ಇಲ್ಲ, ವೈದ್ಯಕೀಯವೂ ಇಲ್ಲ. ಕಲೆಯೊಂದನ್ನೇ ಚೆನ್ನಾಗಿ ಕಲಿಸುವ ಸಂಸ್ಥೆಗೆ ಇದೇ ಅನರ್ಹತೆ!

2022ರಲ್ಲಿ ಇನ್ನೊಂದು ಬಾಗಿಲು ಮುಚ್ಚಿತು. ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಅಧ್ಯಯನ ಕುರಿತ ವಿಷಯಗಳಿಗೆ ಈ ವೇತನ ಇಲ್ಲ ಎಂದು ಸಚಿವಾಲಯ ಮಾರ್ಗಸೂಚಿ ತಿದ್ದಿತು. ಅವಕ್ಕೆ ಬೇಕಾದ ಸಂಪನ್ಮೂಲ ದೇಶದಲ್ಲೇ ಇದೆ ಎಂಬುದು ಸಮರ್ಥನೆ. ಗ್ರಂಥಾಲಯದಲ್ಲಿ ಕೂತು ಬರೆಯುವ ವಿಷಯಕ್ಕೆ ಆ ವಾದ ಅಷ್ಟಿಷ್ಟು ಹೊಂದಬಹುದೇನೋ. ನಮ್ಮ ಕೋಲಾರ ಸೀಮೆಯ ಕೇಳಿಕೆಯ ಕಿರೀಟ, ಎದೆಹಾರಗಳನ್ನು ಕಬುಕಿಯ ವೇಷದ ಜೊತೆ ಇಟ್ಟು ಅಧ್ಯಯನ ಮಾಡಬೇಕೆನ್ನುವ ಹುಡುಗಿ ಏನು ಮಾಡಬೇಕು? ಕಬುಕಿಯ ಉಡುಪಿನ ಕೋಣೆ ದೆಹಲಿಯಲ್ಲಿಲ್ಲ. ಕುಶಲಕರ್ಮಿಯ ಮಗಳಿಗೆ ಸೀಟು ಮೀಸಲಿಟ್ಟು, ಅವಳ ಕಸುಬಿನ ಬಗ್ಗೆ ಓದುವಂತಿಲ್ಲ ಎಂದರೆ ಆ ಮೀಸಲಿಗೆ ಅರ್ಥವೇನು?

ವಿಚಿತ್ರವೆಂದರೆ, ಈ ವಿಷಯದಲ್ಲಿ ಜಪಾನ್ ಸರ್ಕಾರವೇ ನಮಗೆ ಹೆಚ್ಚು ಉದಾರ. ಅದರ ಮೆಕ್ಸ್ಟ್ ವಿದ್ಯಾರ್ಥಿವೇತನದಲ್ಲಿ ಪಿಯುಸಿ ಮುಗಿಸಿದವರಿಗೆ ವೃತ್ತಿ ಕಾಲೇಜುಗಳ ಪ್ರತ್ಯೇಕ ವಿಭಾಗವಿದೆ, ಅದರಲ್ಲಿ ಫ್ಯಾಷನ್ ಮತ್ತು ಗೃಹವಿಜ್ಞಾನವೂ ಒಂದು. ಒಂದು ವರ್ಷ ಭಾಷೆ, ಎರಡು ವರ್ಷ ಕಸುಬು, ಶುಲ್ಕವಿಲ್ಲ, ವಿಮಾನದ ಟಿಕೆಟ್ ಅವರದೇ, ತಿಂಗಳಿಗೆ 1,17,000 ಯೆನ್ ಆಸುಪಾಸು. ಇದು ನೇರವಾಗಿ ರಂಗವಸ್ತ್ರದ ಕೋರ್ಸ್ ಅಲ್ಲ, ಆದರೆ ಕತ್ತರಿ ಹಿಡಿಯುವ ಕೈ ಅಲ್ಲಿ ಪಳಗುತ್ತದೆ. ಸ್ವಂತ ಖರ್ಚಿನಲ್ಲಿ ಹೋದವರಿಗೂ ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಲು ಅಲ್ಲಿ ಅವಕಾಶವಿದೆ. ಕೋಲಾರದ ರೇಷ್ಮೆ ಬೆಳೆಗಾರರಿಗೆ ಜಪಾನ್ ಅಪರಿಚಿತವೇನಲ್ಲ, 1991ರಲ್ಲಿ ಆರಂಭವಾದ ಜೈಕಾ ನೆರವಿನ ದ್ವಿತಳಿ ರೇಷ್ಮೆ ಯೋಜನೆಯನ್ನು ಹಿರಿಯರು ನೆನೆಯುತ್ತಾರೆ. ಹುಳು ಸಾಕುವ ವಿದ್ಯೆ ಅಲ್ಲಿಂದ ಬಂದಿದೆ, ಆ ರೇಷ್ಮೆಯನ್ನು ವೇಷವಾಗಿಸುವ ವಿದ್ಯೆಗೂ ದಾರಿ ಇದೆ.

ಸಚಿವಾಲಯ ಮಾಡಬೇಕಾದ ತಿದ್ದುಪಡಿ ದೊಡ್ಡದಲ್ಲ. ಕಲಾ ಸಂಸ್ಥೆಗಳಿಗೆ ಒಟ್ಟಾರೆ ರ‍್ಯಾಂಕಿಂಗ್ ಬದಲು ವಿಷಯವಾರು ರ‍್ಯಾಂಕಿಂಗ್ ನೋಡಲಿ, 2022ರ ಷರತ್ತನ್ನು ತೆಗೆಯಲಿ. ನಮ್ಮ ಸಂಸದರು, ವಿದ್ಯಾರ್ಥಿ ಸಂಘಟನೆಗಳು ಈ ಎರಡು ಸಾಲಿನ ಬೇಡಿಕೆಯನ್ನು ದೆಹಲಿಗೆ ಮುಟ್ಟಿಸಬಹುದು. ಈಗ ಪಿಯುಸಿಯಲ್ಲಿರುವವರು ಅಷ್ಟರೊಳಗೆ ಜಪಾನ್ ರಾಯಭಾರ ಕಚೇರಿಯ ಮೆಕ್ಸ್ಟ್ ಪ್ರಕಟಣೆಗಳ ಮೇಲೊಂದು ಕಣ್ಣಿಟ್ಟಿರಲಿ. ಊರಿಗೆ ಡ್ರೆಸ್ಸಿನವರ ಟ್ರಂಕು ಬಂದ ರಾತ್ರಿ ಒಂದು ಗಂಟೆ ಅವರ ಪಕ್ಕ ಕೂತು, ಕಿರೀಟ ಕಟ್ಟುವುದು ಹೇಗೆಂದು ಕೇಳಿ ಬರೆದುಕೊಳ್ಳಲಿ.