ಗುಮಾನಿಗೂ ಆಧಾರ ಬೇಕು

ರೈತ ಬಾಂಧವರೇ, ಸಾಲದ ಕಂತು ತಪ್ಪಿತೆಂದು ಠಾಣೆಯಿಂದ ಹೇಳಿಕೆ ಬಂದರೆ ಹೆಗಲ ಮೇಲಿನ ಟವೆಲ್ಲು ಕೈಗೆ ತಕ್ಕೊಂಡು ಓಡುತ್ತೀರಲ್ಲ, ಯಾಕೆ? ಸಾಲ ತೀರಿಸಲಾಗದಿರುವುದು ಸಿವಿಲ್ ವ್ಯವಹಾರ. ಅದಕ್ಕೆ ಕೋರ್ಟಿದೆ, ಡಿಕ್ರಿ ಇದೆ. ದಫೇದಾರನಿಗೆ ಅಲ್ಲೇನು ಕೆಲಸ?

ಇದು ಲೇವಾದೇವಿಗಾರನಿಗೂ ಗೊತ್ತು. ಅದಕ್ಕೇ ಅವನು 'ಸಾಲ' ಅನ್ನೋದಿಲ್ಲ, 'ಮೋಸ' ಎಂದು ದೂರು ಬರೆಸುತ್ತಾನೆ. ಮೋಸವಾಗಬೇಕಾದರೆ ಹಣ ಪಡೆಯುವಾಗಲೇ ವಂಚಿಸುವ ಮನಸ್ಸಿರಬೇಕು. ಆಮೇಲೆ ಮಳೆ ಕೈಕೊಟ್ಟು, ಈರುಳ್ಳಿ ದರ ಬಿದ್ದು ಮಾತು ತಪ್ಪಿದರೆ ಅದು ಮೋಸವಲ್ಲ. ಸುಪ್ರೀಂ ಕೋರ್ಟು ಎಷ್ಟೋ ಸಲ ಹೇಳಿದ ಮಾತಿದು.

ವಾರಂಟಿಲ್ಲದೆ ಹಿಡಿಯುವ ಅಧಿಕಾರ ಪೊಲೀಸರಿಗಿದೆ, ನಿಜ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 41ನೇ ಕಲಮು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮು. ಅಲ್ಲಿರುವುದು ಬರೀ ಸಂಶಯವಲ್ಲ, 'ಸಮಂಜಸವಾದ' ಸಂಶಯ. ಆ ಒಂದು ಪದವನ್ನು ಠಾಣೆಯಲ್ಲಿ ನುಂಗಿಬಿಡುತ್ತಾರೆ! ಸಾಹೇಬರ ಮೂಗಿಗೆ ವಾಸನೆ ಬಡಿದರೆ ಸಾಲದು. ಮೂರನೆಯವನ ಮುಂದೆ ಇಟ್ಟು ತೋರಿಸುವಂಥ ಸಂಗತಿ ಇರಬೇಕು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ (ಮೋಸವೂ ಇದರಲ್ಲೇ ಬಂತು) ಸಂಶಯವೊಂದೇ ಸಾಕಾಗುವುದಿಲ್ಲ. ಬಂಧನ ಯಾಕೆ ಅಗತ್ಯವೆಂದು ಕಾರಣ ಬರೆದಿಡಬೇಕು, ಇಲ್ಲವೇ ಹಾಜರಾಗಲು ನೋಟೀಸು ಕೊಡಬೇಕು. ಇದನ್ನು ಮೀರಿದ ಅಧಿಕಾರಿ ಇಲಾಖಾ ಕ್ರಮಕ್ಕೂ ನ್ಯಾಯಾಂಗ ನಿಂದನೆಗೂ ಗುರಿಯಾಗುತ್ತಾನೆಂದು 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ತೀರ್ಪಾಗಿದೆ.

ಇನ್ನು ಚಳವಳಿಯ ಹಿಂದಿನ ರಾತ್ರಿ ಮನೆಯಿಂದ ಎತ್ತಿಕೊಂಡು ಹೋಗುವ ವಿದ್ಯೆ. ಹಳೆಯ 151, ಈಗಿನ 170. ಇಲ್ಲಿ ಕಾನೂನು ಮತ್ತೂ ಬಿಗಿ, ಸಂಶಯ ಎಂಬ ಮಾತೇ ಇಲ್ಲ. ಸಂಜ್ಞೇಯ ಅಪರಾಧದ ಸಂಚು ಅಧಿಕಾರಿಗೆ ತಿಳಿದಿರಬೇಕು, ಬೇರೆ ದಾರಿಯಲ್ಲಿ ತಡೆಯಲಾಗದು ಅನ್ನಿಸಬೇಕು. ಬೆಳೆಗೆ ಬೆಲೆ ಕೇಳಲು ತಾಲೂಕು ಕಚೇರಿಗೆ ಹೋಗುವುದು ಯಾವ ಅಪರಾಧದ ಸಂಚು ಸ್ವಾಮಿ? ಬ್ಯಾಂಕಿನ ಕೋಟಿಗಟ್ಟಲೆ ನುಂಗಿದವರು ವಿಮಾನ ಹತ್ತುವಾಗ ಈ ಮೂಗು ಎಲ್ಲಿತ್ತೋ!

ಆದ್ದರಿಂದ ಬಾಯಿಮಾತಿನ ಕರೆ ಬಂದರೆ ಬರಹದ ನೋಟೀಸು ಕೇಳಿ. ವಾಟ್ಸಾಪಿನಲ್ಲಿ ಕಳಿಸಿದ್ದು ನಡೆಯೋದಿಲ್ಲವೆಂದು 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸರಿಯಾದ ನೋಟೀಸು ಬಂತೋ, ತಪ್ಪದೆ ಹೋಗಿ. ಹೋಗದಿದ್ದರೆ ಅದೇ ಬಂಧನಕ್ಕೆ ನೆಪವಾದೀತು. ಹಿಡಿದರೆ ಕಾರಣ ಕೇಳಿ. ಬಂಧನದ ಮೆಮೊಗೆ ಮನೆಯವರದೋ ಊರಿನ ಗೌರವಸ್ಥರದೋ ಸಾಕ್ಷಿ ಸಹಿ ಬೀಳಲಿ. ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. 60 ದಾಟಿದ ಹಿರಿಯರನ್ನು 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣದಲ್ಲಿ ಹಿಡಿಯಬೇಕಾದರೆ ಡಿವೈಎಸ್‌ಪಿ ದರ್ಜೆಯವರ ಪೂರ್ವಾನುಮತಿ ಬೇಕು. ಆ ಕಾಗದ ತೋರಿಸಿ ಅನ್ನಿ.