ಅಂಕ ಮತ್ತು ಅಂಕಿತ

ವಾರಾಂತ್ಯದ ಸಂಜೆ ನಮ್ಮ ನಾಡಿನ ಯಾವ ಬೀದಿಯಲ್ಲಿ ನಡೆದುಹೋದರೂ ಮನೆಮನೆಯಿಂದ ಹಾಡು ಕೇಳಿಬರುತ್ತದೆ. ಮನೆಗಳು ಹಲವು, ಹಾಡು ಒಂದೇ. ಒಂದು ಮನೆಯ ಕಿಟಕಿಯಲ್ಲಿ ಪಲ್ಲವಿಯನ್ನು ಬಿಟ್ಟುಬಂದವನಿಗೆ ಮುಂದಿನ ಮನೆಯ ಕಿಟಕಿಯಲ್ಲಿ ಚರಣ ದೊರೆಯುತ್ತದೆ. ಅದರಾಚೆಯ ಮನೆಯಲ್ಲಿ ತೀರ್ಪುಗಾರರ ಚಪ್ಪಾಳೆ. ಟೆಲಿವಿಷನ್ನಿನ ಗಾಯನ ಸ್ಪರ್ಧೆಯನ್ನು ನಮ್ಮ ಕಾಲದ ಸಾಮೂಹಿಕ ಭಜನೆ ಎಂದು ಕರೆದರೆ ತಪ್ಪಾಗಲಾರದು. ಭಜನೆಯಲ್ಲಿ ಮಾತ್ರ ವಾರಕ್ಕೊಬ್ಬರನ್ನು ಮನೆಗೆ ಕಳುಹಿಸುವ ಪದ್ಧತಿ ಇರಲಿಲ್ಲ. ಪ್ರಸಾದವೂ ಎಲ್ಲರಿಗೂ ಸಲ್ಲುತ್ತಿತ್ತು.

ಈ ಸ್ಪರ್ಧೆಯ ವಂಶವೃಕ್ಷವನ್ನು ಸ್ವಲ್ಪ ನೋಡೋಣ. ಇಟಲಿಯ ಸಾನ್ ರೆಮೊ ಎಂಬ ಕಡಲತಡಿಯ ಊರಿನಲ್ಲಿ 1951ರಲ್ಲಿ ಹಾಡುಗಳ ಉತ್ಸವವೊಂದು ಆರಂಭವಾಯಿತು. ಅದರ ಮಾದರಿಯನ್ನು ಹಿಡಿದು ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ನಗರದಲ್ಲಿ ಏಳು ದೇಶಗಳನ್ನು ಕಲೆಹಾಕಿ ‘ಯೂರೋವಿಷನ್’ ಸ್ಪರ್ಧೆಯನ್ನು ನಡೆಸಿತು. ಇವೆರಡರಲ್ಲಿಯೂ ಕಣಕ್ಕಿಳಿಯುವುದು ಹೊಸದಾಗಿ ಕಟ್ಟಿದ ಹಾಡು. ಗಾಯಕ ಆ ಹಾಡಿನ ವಕೀಲ, ಮೊಕದ್ದಮೆ ಹಾಡಿನದು. ಬ್ರಿಟನ್ನಿನಲ್ಲಿ 2001ರಲ್ಲಿ ‘ಪಾಪ್ ಐಡಲ್’, ಅಮೆರಿಕದಲ್ಲಿ 2002ರಲ್ಲಿ ‘ಅಮೆರಿಕನ್ ಐಡಲ್’ ಬಂದು ಈ ಸಂಬಂಧವನ್ನು ತಲೆಕೆಳಗು ಮಾಡಿದವು. ಹಾಡು ಹಳೆಯದಾದರೂ ಚಿಂತೆಯಿಲ್ಲ, ಹಾಡುವವನು ಹೊಸಬನಾಗಿದ್ದರೆ ಸಾಕು. ಐಡಲ್ ಎಂದರೆ ವಿಗ್ರಹವಷ್ಟೆ. ವಿಗ್ರಹದ ಪ್ರತಿಷ್ಠೆಯಾದ ಮೇಲೆ ಮಂತ್ರದ ಅರ್ಥವನ್ನು ವಿಚಾರಿಸುವವರು ಯಾರು?

ಆ ವಿಗ್ರಹ 2004ರಲ್ಲಿ ‘ಇಂಡಿಯನ್ ಐಡಲ್’ ಎಂಬ ನಾಮಧೇಯದಿಂದ ನಮ್ಮ ದೇಶಕ್ಕೂ ದಯಮಾಡಿಸಿತು. ಅದಕ್ಕೆ ಮುಂಚೆಯೇ, 1995ರಲ್ಲಿ, ಜೀ ಟೀವಿ ‘ಸ ರೆ ಗ ಮ’ ಎಂಬ ಸ್ಪರ್ಧೆಯನ್ನು ತೊಡಗಿತ್ತು. ಕಾಲಕ್ರಮದಲ್ಲಿ ಅದು ‘ಪ’ವನ್ನೂ ಗಳಿಸಿಕೊಂಡಿತು, ‘ದ’, ‘ನಿ’ಗಳು ಇನ್ನೂ ಸರದಿಯಲ್ಲಿ ನಿಂತಿವೆ. ಕನ್ನಡದಲ್ಲಿ ಈಟೀವಿಯ ‘ಎದೆ ತುಂಬಿ ಹಾಡುವೆನು’, ಜೀ ಕನ್ನಡದ ‘ಸರಿಗಮಪ’ ಮನೆಮಾತಾದವು.

ಕನ್ನಡ ಅಧ್ಯಾಪಕನಾದ ನನಗೆ ಈ ಕಾರ್ಯಕ್ರಮಗಳಿಂದ ಒಂದು ಉಪಕಾರವಾಗಿದೆ. ಅದನ್ನು ಮೊದಲು ಹೇಳಿಬಿಡುವುದು ನ್ಯಾಯ. ಭರತಮುನಿ ಹೇಳಿದ ಎಂಟು ಸಾತ್ತ್ವಿಕಭಾವಗಳನ್ನು ತರಗತಿಯಲ್ಲಿ ವಿವರಿಸಲು ಹಿಂದೆ ಬಹಳ ಶ್ರಮಪಡಬೇಕಾಗಿತ್ತು. ಈಗ “ತೀರ್ಪುಗಾರರನ್ನು ನೋಡಿ” ಎಂದರೆ ಸಾಕು. ಹುಡುಗ ಮೇಲುಸ್ಥಾಯಿಯ ಸ್ವರವೊಂದನ್ನು ಮುಟ್ಟಿದನೆನ್ನಿ. ಮೊದಲನೆಯ ತೀರ್ಪುಗಾರರು ಕಲ್ಲಿನಂತೆ ಕುಳಿತುಬಿಡುತ್ತಾರೆ: ಇದು ಸ್ತಂಭ. ಎರಡನೆಯವರು ತಮ್ಮ ಮುಂಗೈಯನ್ನು ಕ್ಯಾಮೆರಾದತ್ತ ಚಾಚಿ ನಿಮಿರಿದ ಕೂದಲನ್ನು ತೋರಿಸುತ್ತಾರೆ: ಇದು ರೋಮಾಂಚ. ಮೂರನೆಯವರು ಕನ್ನಡಕ ತೆಗೆದು ಕಣ್ಣೊರಸಿಕೊಂಡರೆ ಅಶ್ರು. ಕೈಯಲ್ಲಿನ ಮೈಕು ನಡುಗಿದರೆ ವೇಪಥು. ಸ್ವೇದವನ್ನು ವೇದಿಕೆಯ ದೀಪಗಳು ಒದಗಿಸುತ್ತವೆ. ಮುಖದ ಬಣ್ಣಗೆಡುವ ವೈವರ್ಣ್ಯಕ್ಕೆ ಮಾತ್ರ ಬಣ್ಣ ಹಚ್ಚುವವರು ಅವಕಾಶ ಕೊಡುವುದಿಲ್ಲ. ಸ್ವರಭಂಗವನ್ನು ಸ್ಪರ್ಧಾಳುಗಳಿಗೆ ಮೀಸಲಿಟ್ಟಿದ್ದಾರೆ. ಪ್ರಲಯ, ಎಂದರೆ ಮೂರ್ಛೆ ಹೋಗುವುದು, ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ; ಅಂತಿಮ ಸುತ್ತಿಗೆಂದು ಕಾದಿರಿಸಿರಬಹುದು.

ಹೊಗಳಿಕೆಯ ಮಾತಿಗೂ ಇದೇ ಗತಿ. ಮೊದಲನೆಯ ವಾರವೇ ‘ಗಂಧರ್ವ’ ಎಂದುಬಿಟ್ಟರೆ ಹತ್ತನೆಯ ವಾರಕ್ಕೆ ಯಾವ ಪದ ಉಳಿಯುತ್ತದೆ? “ಸಾಕ್ಷಾತ್ ಸರಸ್ವತಿಯೇ ನಿನ್ನ ನಾಲಗೆಯ ಮೇಲೆ ನೆಲಸಿದ್ದಾಳೆ” ಎನ್ನಿಸಿಕೊಂಡ ಹುಡುಗಿ ಮುಂದಿನ ವಾರ ಮತ ಕಡಮೆಯಾಗಿ ಊರಿಗೆ ಹೊರಡುತ್ತಾಳೆ. ಆಗ ಸರಸ್ವತಿಯೂ ಅವಳ ಸಂಗಡ ಬಸ್ಸು ಹತ್ತುವಳೊ, ವೇದಿಕೆಯಲ್ಲಿಯೇ ನಿಲ್ಲುವಳೊ, ಯಾರೂ ತಿಳಿಸುವುದಿಲ್ಲ.

ಅಭಿನವಗುಪ್ತ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಫಲಿತಾಂಶಕ್ಕೂ ಹೆಸರಿಗೂ ನಡುವೆ ಬರುವ ಜಾಹೀರಾತನ್ನು ಅವನು ಕಂಡಿದ್ದರೆ ಆ ಸಂಖ್ಯೆ ಎಂಟಾಗುತ್ತಿತ್ತು. ಇನ್ನು, ರಸವೆಂಬುದು ಕರುಣವೊಂದೇ ಎಂದು ಭವಭೂತಿಯ ಮತ. ಅದನ್ನು ನಮ್ಮ ಆಲಂಕಾರಿಕರಲ್ಲಿ ಹಲವರು ಒಪ್ಪದೆ ಹೋದರೂ ವಾಹಿನಿಯವರು ಮನಃಪೂರ್ವಕವಾಗಿ ಒಪ್ಪಿಕೊಂಡಿದ್ದಾರೆ. ಹುಡುಗ ಬಾಯಿ ತೆರೆಯುವ ಮೊದಲೇ ಅವನ ಮನೆಯನ್ನು ನಾವು ನೋಡಿರುತ್ತೇವೆ: ಸೋರುವ ಹೆಂಚು, ಹೊಲಿಗೆಯಂತ್ರದ ಮುಂದೆ ಕುಳಿತ ತಾಯಿ, ಹಿನ್ನೆಲೆಯಲ್ಲಿ ಪಿಟೀಲಿನ ನಿಡುಸುಯ್ಲು. ಆ ತಾಯಿಯ ಕಣ್ಣೀರು ಸುಳ್ಳಲ್ಲ. ಅದನ್ನು ನಕ್ಕು ತಳ್ಳುವುದು ಮನುಷ್ಯರಿಗೆ ತಕ್ಕುದಲ್ಲ. ಆದರೆ ಬಡತನವನ್ನೇ ಹಾಡಿನ ಮುನ್ನುಡಿಯಾಗಿ ಮಾಡಿದಾಗ, ಹುಡುಗ ಚೆನ್ನಾಗಿ ಹಾಡಿದನೆಂದು ಮತ ಬಂದಿತೊ, ಹೆಂಚು ಸೋರಿತೆಂದು ಬಂದಿತೊ ಅವನಿಗೇ ತಿಳಿಯದೆ ಹೋಗುತ್ತದೆ. ಕಲಿಯುವ ವಯಸ್ಸಿನವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ. ಮತದ ಮಾತು ಬಂದುದರಿಂದ ಹೇಳುತ್ತೇನೆ: ಯೂರೋವಿಷನ್ನಿನಲ್ಲಿ ಯಾವ ದೇಶದವರೂ ತಮ್ಮ ದೇಶದ ಹಾಡಿಗೆ ಮತ ಹಾಕುವಂತಿಲ್ಲ. ಆ ನಿಯಮವನ್ನು ನಮ್ಮ ಜಿಲ್ಲೆಗಳಿಗೆ ಅನ್ವಯಿಸಿದರೆ ಎಷ್ಟು ಅಭಿಮಾನಿ ಸಂಘಗಳು ನಿರುದ್ಯೋಗಿಗಳಾಗುವುವೊ!

ಇದೆಲ್ಲ ನಗೆಯ ಮಾತಾಯಿತು. ನನ್ನ ನಿಜವಾದ ತಕರಾರು ಬೇರೆಯದು. ಶ್ರುತಿ ಸೇರಿತೆ, ತಾಳ ನಿಂತಿತೆ, ದನಿ ಏರಿತೆ, ವೇದಿಕೆಯ ಮೇಲಿನ ನಡೆ ಲವಲವಿಕೆಯಿಂದ ಕೂಡಿತ್ತೆ, ಇವೆಲ್ಲ ಚರ್ಚೆಗೆ ಬರುತ್ತವೆ. ಹಾಡು ಏನು ಹೇಳುತ್ತದೆ ಎಂಬುದು ಮಾತ್ರ ಅಪರೂಪಕ್ಕೆ ಬರುತ್ತದೆ. ಹಾಡಿನ ಪರಿಚಯದಲ್ಲಿ ಚಿತ್ರದ ಹೆಸರು, ನಾಯಕನ ಹೆಸರು, ಮೊದಲು ಹಾಡಿದವರ ಹೆಸರು, ರಾಗ ಕಟ್ಟಿದವರ ಹೆಸರು ಕ್ರಮವಾಗಿ ಬರುತ್ತವೆ. ಮಾತು ಕಟ್ಟಿದವನ ಸರದಿ ಬರುವಷ್ಟರಲ್ಲಿ ತಬಲದವರು ಆರಂಭಿಸಿಬಿಟ್ಟಿರುತ್ತಾರೆ. ಭಾವಗೀತೆಯನ್ನು ಇಂದಿಗೂ ನಾವು ಬೇಂದ್ರೆಯವರ ಹಾಡು, ಕುವೆಂಪು ಅವರ ಹಾಡು ಎನ್ನುತ್ತೇವೆ. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಧ್ವನಿಸುರುಳಿಗೆ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ ಎಷ್ಟು ಕಾರಣವೊ ನಿಸಾರ್ ಅಹಮದರ ಮಾತೂ ಅಷ್ಟೇ ಕಾರಣವೆಂದು ಕೇಳಿದವರೆಲ್ಲ ಬಲ್ಲರು. ಚಿತ್ರಗೀತೆಯ ವಿಷಯದಲ್ಲಿ ಮಾತ್ರ ಅದು ರಾಜಕುಮಾರರ ಹಾಡು, ಪಿ.ಬಿ. ಶ್ರೀನಿವಾಸರ ಹಾಡು. ಬರೆದವರು ಚಿ. ಉದಯಶಂಕರರೊ, ಆರ್.ಎನ್. ಜಯಗೋಪಾಲರೊ, ವಿಜಯನಾರಸಿಂಹರೊ ಎಂದು ಕೇಳಿದರೆ ತರಗತಿಗೆ ತರಗತಿಯೇ ಕಿಟಕಿಯ ಹೊರಗೆ ನೋಡುತ್ತದೆ.

ನಮ್ಮ ಪೂರ್ವಿಕರು ಈ ಅಪಾಯವನ್ನು ಮೊದಲೇ ಅರಿತವರಂತೆ ನಡೆದುಕೊಂಡಿದ್ದಾರೆ. ವಚನಕಾರರೂ ದಾಸರೂ ತಮ್ಮ ರಚನೆಯೊಳಗೇ ಅಂಕಿತವನ್ನು ಹೊಂದಿಸಿಟ್ಟರು. ಕೂಡಲಸಂಗಮದೇವ, ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಶಿಶುನಾಳಾಧೀಶ ಎಂದು ಅವರು ಹೇಳಿದ್ದು ದೇವರ ಹೆಸರನ್ನು, ತಮ್ಮ ಹೆಸರನ್ನಲ್ಲ. ಆದರೆ ದೇವರು ಕೃತಜ್ಞ. ತನ್ನ ಹೆಸರಿನೊಳಗೆ ಭಕ್ತನ ಹೆಸರನ್ನು ಶತಮಾನಗಳ ಕಾಲ ಕಾಪಾಡಿದ್ದಾನೆ. ಎಂಥ ಗಾಯಕನಾದರೂ ಕೊನೆಯ ಚರಣದಲ್ಲಿ ಪುರಂದರವಿಠಲನೆನ್ನದೆ ಕೆಳಗಿಳಿಯುವಂತಿಲ್ಲ. ಚಿತ್ರಕವಿಗೆ ಇಂಥ ರಕ್ಷೆಯಿಲ್ಲ. ಅವನ ಹೆಸರು ಚಿತ್ರದ ಆರಂಭದ ಪಟ್ಟಿಯಲ್ಲಿ, ಪ್ರೇಕ್ಷಕರು ಕತ್ತಲಲ್ಲಿ ಕುರ್ಚಿಯನ್ನು ತಡಕುತ್ತಿರುವಾಗ, ಬಂದುಹೋಗಿರುತ್ತದೆ. ದಾಸರಿಗೆ ಅಂಕಿತ ಉಂಟು, ಅಂಕ ಬೇಕಾಗಿಲ್ಲ. ಇವನಿಗೆ ಅಂಕಿತವೂ ಇಲ್ಲ, ಅಂಕವೂ ಇಲ್ಲ.

ಕವಿಯ ಹೆಸರು ಮರೆಯಾದರೆ ನಷ್ಟ ಕವಿಗೆ ಮಾತ್ರವಲ್ಲ, ಮಾತಿಗೂ ಉಂಟು. ಸಾಹಿತ್ಯವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಕಲಿಯುವ ಮಕ್ಕಳನ್ನು ನಾನು ಬಲ್ಲೆ. ಆ ಲಿಪಿಗೆ ಲಕಾರ ಳಕಾರಗಳು ಒಂದೇ. ಹೀಗಾಗಿ ಪ್ರಿಯತಮೆಯ ಬಳಿಗೆ ಬರಬೇಕಾದ ನಾಯಕ ನೇರವಾಗಿ ಬಲಿಗೆ ಬಂದುಬಿಡುತ್ತಾನೆ. ವಿವಾಹಾನಂತರದ ದೃಷ್ಟಿಯಿಂದ ಈ ಪಾಠಾಂತರವನ್ನು ಸಮರ್ಥಿಸುವ ವಿದ್ವಾಂಸರು ಇರಬಹುದು. ಕವಿಯ ಅಭಿಪ್ರಾಯ ಅದಲ್ಲ. ಮಕ್ಕಳ ಸುತ್ತುಗಳಲ್ಲಿ ವಿಷಯ ಇನ್ನೂ ಗಂಭೀರ. ಹತ್ತು ವರ್ಷದ ಮಗು ವಿರಹದ ಹಾಡನ್ನು ಹಾಡುತ್ತದೆ, “ಎಂಥ ಭಾವ!” ಎಂದು ಹಿರಿಯರು ಬೆರಗಾಗುತ್ತಾರೆ. ಯಾವ ಭಾವವೆಂದು ಮಗುವನ್ನು ಯಾರೂ ಕೇಳುವುದಿಲ್ಲ. ನೃತ್ಯಸ್ಪರ್ಧೆಗಳಲ್ಲಿ ಮಕ್ಕಳನ್ನು ವಯಸ್ಸಿಗೆ ಒಪ್ಪದ ರೀತಿಯಲ್ಲಿ ತೋರಿಸಬಾರದೆಂದು 2019ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಾಹಿನಿಗಳಿಗೆ ತಿಳಿವಳಿಕೆ ಹೇಳಿತು. ಮೈಯ ಭಂಗಿಗೆ ಬೇಕೆನಿಸಿದ ಈ ವಿವೇಚನೆ ಬಾಯಿಯ ಮಾತಿಗೆ ಬೇಡವೆ? ಅರ್ಥವನ್ನು ಕೇಳದೆ ಹಾಡುವುದನ್ನು ಕಲಿತ ಮಗು ಅರ್ಥವನ್ನು ಕೇಳದೆ ಮಾತನಾಡುವುದನ್ನೂ ಕಲಿತೀತು ಎಂಬುದು ನನ್ನ ಅಂಜಿಕೆ.

ಬೇರೆ ರೀತಿಯಲ್ಲಿ ನಡೆಸಲು ಸಾಧ್ಯವಿಲ್ಲವೆ ಎಂದರೆ, ಸಾಧ್ಯವೆಂದು ತೋರಿಸಿದವರು ನಮ್ಮಲ್ಲಿಯೇ ಇದ್ದರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆಮಾತು ತೆಲುಗು. ಆದರೂ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಎಂಬ ಕನ್ನಡ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ಅವರು. ‘ಎದೆ ತುಂಬಿ ಹಾಡುವೆನು’ ವೇದಿಕೆಯಲ್ಲಿ ಅವರು ಹಾಡಿದವರ ಬೆನ್ನು ತಟ್ಟಿದ ಮೇಲೆ ಅಕ್ಷರವನ್ನು ತಿದ್ದುತ್ತಿದ್ದರು, ಬರೆದವರನ್ನು ನೆನೆಯುತ್ತಿದ್ದರು, ಆ ಹಾಡು ಹುಟ್ಟಿದ ಸಂದರ್ಭವನ್ನು ಹೇಳುತ್ತಿದ್ದರು. ಸ್ಪರ್ಧೆ ಆಗ ಪಾಠವಾಗುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಕನ್ನಡ ಒಬ್ಬ ಗಾಯಕನನ್ನಷ್ಟೇ ಅಲ್ಲ, ಒಬ್ಬ ಮೇಷ್ಟರನ್ನೂ ಕಳೆದುಕೊಂಡಿತು. ‘ಸರಿಗಮಪ’ದಲ್ಲಿ ಸ್ವತಃ ಗೀತರಚನೆಕಾರರಾದ ಹಂಸಲೇಖರನ್ನು ಮಹಾಗುರುವಿನ ಪೀಠದಲ್ಲಿ ಕೂರಿಸಿದ್ದೂ ಮೆಚ್ಚತಕ್ಕ ಕೆಲಸವೇ.

ಈ ಸ್ಪರ್ಧೆಗಳಿಂದ ಆದ ಒಳಿತನ್ನು ಮರೆಮಾಚುವುದು ಸಲ್ಲದು. ಸಂಗೀತದ ಮೇಷ್ಟರೇ ಇಲ್ಲದ ಹಳ್ಳಿಯ ಹುಡುಗಿ ನಾಡಿಗೆಲ್ಲ ಕೇಳುವಂತೆ ಹಾಡಿದ್ದಾಳೆ. ಐವತ್ತು ವರ್ಷದ ಹಿಂದಿನ ಕನ್ನಡ ಹಾಡನ್ನು ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕುಳಿತು ಕೇಳುವ ಸ್ಥಳ ಇದನ್ನು ಬಿಟ್ಟರೆ ಹೆಚ್ಚಿಲ್ಲ. ನಮ್ಮ ಪಠ್ಯಪುಸ್ತಕಗಳಿಗೆ ಆ ಭಾಗ್ಯ ದೊರೆತಿಲ್ಲ. ಇಷ್ಟು ದೊಡ್ಡ ಪಾಠಶಾಲೆಯಾಗಿರುವುದರಿಂದಲೇ ಅಲ್ಲಿ ಮಾತಿಗೂ ಒಂದು ಮಣೆ ಹಾಕಿರೆಂದು ಕೇಳುವುದು.

ಕೇಳುವುದು ಬಹಳವೇನೂ ಅಲ್ಲ. ಹಾಡುವ ಮೊದಲು ಕವಿಯ ಹೆಸರನ್ನು ಸ್ಪರ್ಧಾಳುವೇ ಹೇಳಲಿ, ಹಾಡಿನ ತಿರುಳನ್ನು ಎರಡು ವಾಕ್ಯದಲ್ಲಿ ತಿಳಿಸಲಿ, ಅದಕ್ಕೊಂದು ಅಂಕವಿರಲಿ. ವರ್ಷಕ್ಕೊಂದು ಸುತ್ತಾದರೂ ಹೊಸ ಹಾಡುಗಳಿಗೆ ಮೀಸಲಾಗಲಿ. ಹೊಸ ಮಾತನ್ನು ಜನ ಕೇಳುವರೆ ಎಂದು ಸಂದೇಹಪಡುವವರು ಮತ್ತೊಮ್ಮೆ ಯೂರೋವಿಷನ್ನಿನ ಕಡೆ ನೋಡಬಹುದು. ಸ್ವಭಾಷೆಯಲ್ಲಿ ಹಾಡಬೇಕೆಂಬ ನಿಯಮವನ್ನು ಅಲ್ಲಿ 1999ರಲ್ಲಿ ಕೈಬಿಟ್ಟರು. ದೇಶದೇಶಗಳೂ ಇಂಗ್ಲಿಷಿಗೆ ತಿರುಗಿದವು. ಹೀಗಿದ್ದರೂ 2017ರಲ್ಲಿ ಗೆದ್ದದ್ದು ಪೋರ್ಚುಗೀಸ್ ಹಾಡು; ಗಾಯಕನ ಸೋದರಿ ಬರೆದುಕೊಟ್ಟದ್ದು. 2021ರಲ್ಲಿ ಇಟಾಲಿಯನ್, 2022ರಲ್ಲಿ ಯುಕ್ರೇನಿಯನ್ ಹಾಡು ಗೆದ್ದವು. ಬೆರಗುಗೊಳಿಸುವ ದನಿ ಎಲ್ಲ ದೇಶಗಳಲ್ಲಿಯೂ ಹುಟ್ಟುತ್ತದೆ. ತನ್ನ ಮಾತನ್ನು ತಾನೇ ನಂಬಿ ಹಾಡುವ ದನಿಗೆ ಕಿವಿ ತಾನಾಗಿ ತೆರೆಯುತ್ತದೆ.

‘ಎದೆ ತುಂಬಿ ಹಾಡುವೆನು’ ಎಂಬ ಹೆಸರು ಜಿ.ಎಸ್. ಶಿವರುದ್ರಪ್ಪನವರ ಪ್ರಸಿದ್ಧ ಕವಿತೆಯನ್ನು ನೆನಪಿಗೆ ತರುತ್ತದೆ. ಕವಿ ಭೂತಕಾಲದಲ್ಲಿ ಆರಂಭಿಸಿದ್ದನ್ನು ವಾಹಿನಿಯವರು ಭವಿಷ್ಯತ್ಕಾಲಕ್ಕೆ ತಿರುಗಿಸಿಕೊಂಡರು. ವ್ಯಾಕರಣದ ದೃಷ್ಟಿಯಿಂದ ನನ್ನ ಆಕ್ಷೇಪವಿಲ್ಲ. ಆದರೆ ಆ ಕವಿತೆಯ ಹಾಡುಗಾರ ಎಲ್ಲರೂ ಕೇಳಲೆಂದು ಹಾಡುವವನಲ್ಲ. ಹಾಡದೆ ಇರಲಾರನೆಂದು ಹಾಡುವವನು. ಕೇಳುವವರು ಕಿವಿ ಮುಚ್ಚಿಕೊಂಡರೂ ಕೊರಗುವವನಲ್ಲ. ಅಂಥವನು ಇಂದಿನ ವೇದಿಕೆಯನ್ನು ಹತ್ತಿದರೆ ಮತ ಯಾಚಿಸಲು ಬಾರದೆ ಮೊದಲನೆಯ ಸುತ್ತಿನಲ್ಲಿಯೇ ಹೊರಬೀಳುವನೆಂಬುದರಲ್ಲಿ ಸಂಶಯವಿಲ್ಲ. ಹೊರಬಿದ್ದ ಮೇಲೆಯೂ ದಾರಿಯುದ್ದಕ್ಕೂ ಹಾಡಿಕೊಂಡೇ ಹೋಗುವನು. ಸ್ಪರ್ಧೆಯಲ್ಲಿ ಸೋತು ಊರಿಗೆ ಮರಳುವ ಮಕ್ಕಳಲ್ಲಿ ಯಾರಾದರೂ ಒಬ್ಬರು ಹಾಗೆ ಹಾಡಿಕೊಂಡು ಹೋಗುತ್ತಿದ್ದರೆ, ಹಾಡಿನ ಅರ್ಥ ಅವರಿಗೆ ತಿಳಿದಿರಲಿ ಎಂದು ಹಾರೈಸುತ್ತೇನೆ.